ಚಕ್ಕುಬಂದಿ ಇಲ್ಲದ ಪತ್ರ

1899ರ ಜನವರಿ 23, ಸೋಮವಾರ. ಹಿಜರಿ ಲೆಕ್ಕದಲ್ಲಿ 1316ರ ರಂಜಾನ್ 10. ನೀವು ಕುವೈತಿನ ಕಡಲದಂಡೆಯಲ್ಲಿ ನಿಂತಿದ್ದೀರಿ. ಬೆನ್ನ ಹಿಂದೆ ಮಣ್ಣಿನ ಗೋಡೆಗಳ ತಗ್ಗು ಮನೆಗಳು. ಅವುಗಳ ಛಾವಣಿ ಹೊತ್ತಿರುವುದು ಆಫ್ರಿಕಾದಿಂದ ಬಂದ ಕಾಂಡ್ಲಾ ಮರದ ಗಳುಗಳು. ದೊಡ್ಡ ಹಾಯಿಹಡಗುಗಳಲ್ಲಿ ಹೆಚ್ಚಿನವು ಊರಲ್ಲಿಲ್ಲ. ಬಸ್ರಾದ ಖರ್ಜೂರ ತುಂಬಿಕೊಂಡು ಹೊರಟವು ಈ ಹೊತ್ತಿಗೆ ನಮ್ಮ ಪಡುವಣ ಕರಾವಳಿಯಲ್ಲೋ ಜಾಂಜಿಬಾರಿನ ಕಡೆಯೋ ಇರುತ್ತವೆ. ಬರುವಾಗ ಮಲಬಾರಿನ ತೇಗ ತರುತ್ತವೆ, ಆ ತೇಗದಲ್ಲೇ ಮುಂದಿನ ಹಡಗು ಏಳುತ್ತದೆ. ಮುತ್ತಿನ ದೋಣಿಗಳಿಗೆ ಬೇಸಿಗೆ ಬರುವವರೆಗೆ ಕೆಲಸವಿಲ್ಲ. ಉಪವಾಸದ ದಿನವಾದ್ದರಿಂದ, ಅತಿಥಿ ಬಂದೊಡನೆ ಕಾಫಿ ಹಿಡಿಯುವ ಮನೆಗಳಲ್ಲೂ ಸೂರ್ಯ ಮುಳುಗುವ ತನಕ ಬಟ್ಟಲು ಹೊರಬರುವುದಿಲ್ಲ.

ಇವತ್ತು ಇಲ್ಲಿ ಒಂದು ಪತ್ರವಾಗಲಿದೆ. ಪೇಟೆಯವರಿಗೆ ಅದು ಗೊತ್ತಿಲ್ಲ, ತುರ್ಕರಿಗೆ ಗೊತ್ತಾಗಲೇಬಾರದು. ಅದಕ್ಕೇ ಹಡಗನ್ನೂ ದಂಡೆಯನ್ನೂ ಬಿಟ್ಟು ಕಾಗದದ ಹತ್ತಿರ ಬನ್ನಿ.

ಬರೆಸಿಕೊಳ್ಳುವವನು ಲೆಫ್ಟಿನೆಂಟ್ ಕರ್ನಲ್ ಮಾಲ್ಕಮ್ ಜಾನ್ ಮೀಡ್, ಬುಶೆಹ್ರ್‌ನಲ್ಲಿ ಕೂತು ಪರ್ಷಿಯನ್ ಕೊಲ್ಲಿಯ ವ್ಯವಹಾರ ನೋಡಿಕೊಳ್ಳುವ ಪೊಲಿಟಿಕಲ್ ರೆಸಿಡೆಂಟ್. ಹೆಸರು ಇಂಗ್ಲೆಂಡಿನ ರಾಣಿಯದ್ದಾದರೂ ಅವನ ಕಚೇರಿ ನಡೆಯುವುದು ಭಾರತ ಸರ್ಕಾರದ ಕೈಕೆಳಗೆ. ಬರೆದುಕೊಡುವವನು ಶೇಖ್ ಮುಬಾರಕ್ ಅಲ್ ಸಬಾಹ್. ಮೂರು ವರ್ಷದ ಹಿಂದೆ, 1896ರ ಮೇ ತಿಂಗಳಲ್ಲಿ, ಮುಹಮ್ಮದ್ ಮತ್ತು ಜರ್ರಾಹ್ ಎಂಬ ಇಬ್ಬರು ಸೋದರರ ಕೊಲೆಯಾಯಿತು, ಇವನು ಗದ್ದುಗೆ ಹಿಡಿದ. ಸತ್ತವರ ಮಕ್ಕಳು ಬಸ್ರಾದಲ್ಲಿ ದೂರು ಹಿಡಿದು ಓಡಾಡುತ್ತಿದ್ದಾರೆ. ಕಾಗದದ ಮೇಲೆ ಮುಬಾರಕ್ ಒಟ್ಟೋಮನ್ ಸುಲ್ತಾನನ ಕಾಯಮ್‌ಮಕಾಮ್, ಅಂದರೆ ಒಬ್ಬ ಅಧಿಕಾರಿ. 1897ರ ಸೆಪ್ಟೆಂಬರಿನಲ್ಲಿ ರೆಸಿಡೆನ್ಸಿಯ ಗ್ಯಾಸ್ಕಿನ್ ಬಂದಾಗ, ಬಹ್ರೇನಿನವರಿಗೆ ಕೊಟ್ಟಂಥ ರಕ್ಷಣೆ ನನಗೂ ಕೊಡಿ ಎಂದು ಕೇಳಿದ್ದ. ಬ್ರಿಟಿಷರು ಆಗ ಒಲ್ಲೆ ಎಂದರು. ಈಗ ತಾವಾಗಿ ಬಂದಿದ್ದಾರೆ. ಕೌಂಟ್ ಕಪ್ನಿಸ್ಟ್ ಎಂಬ ರಷ್ಯನ್ನನೊಬ್ಬ ಮೆಡಿಟರೇನಿಯನ್ ದಂಡೆಯಿಂದ ಕುವೈತಿಗೆ ರೈಲುದಾರಿ ಹಾಕುತ್ತೇನೆಂದು ಸುಲ್ತಾನನಲ್ಲಿ ಅನುಮತಿ ಕೇಳಿದ ಸುದ್ದಿ ಹಬ್ಬಿದೆ. ಕಲ್ಕತ್ತೆಯಲ್ಲಿ ಹೊಸ ವೈಸರಾಯ್ ಕರ್ಜನ್ ಅಧಿಕಾರ ವಹಿಸಿಕೊಂಡು ಮೂರು ವಾರ ತುಂಬಿಲ್ಲ.

ಓದಲು ಶುರುಮಾಡಿದ ಕೂಡಲೇ ಎಲ್ಲೋ ಕೇಳಿದಂತಿದೆಯಲ್ಲ ಅನ್ನಿಸುತ್ತದೆ. ಒಂದು ಕಡೆಯವರು ಇಂಥವರು, ಇನ್ನೊಂದು ಕಡೆಯವರು ಇಂಥವರು. ಸದರಿ ಶೇಖನು ತನ್ನ ಸ್ವಂತ ಇಚ್ಛೆಯಿಂದ, ಸಂತೋಷದಿಂದ, ತನ್ನನ್ನೂ ತನ್ನ ವಾರಸುದಾರರನ್ನೂ ಮುಂದೆ ಗದ್ದುಗೆಗೆ ಬರುವವರನ್ನೂ ಈ ಮೂಲಕ ಕಟ್ಟಿಕೊಂಡಿದ್ದಾನೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕೂತ ದಸ್ತಾವೇಜು ಬರಹಗಾರನ ಧಾಟಿ ಇದೇ. ಇಂತಹ ಊರಿನ ಇಂಥವರಿಗೆ, ಇಂತಹ ಊರಿನ ಇಂಥವರು ಸ್ವಸಂತೋಷದಿಂದ ಬರೆಸಿಕೊಟ್ಟ ಅಡಮಾನ ಪತ್ರದ ಕ್ರಮವೇನೆಂದರೆ... ಈ ದಂಡೆಯಲ್ಲಿ ಅದೇ ಒಕ್ಕಣೆಯಲ್ಲಿ ಒಂದು ದೇಶವನ್ನೇ ಬರೆಸಿಕೊಳ್ಳುತ್ತಿದ್ದಾರೆ.

ಬೆರಳಿಟ್ಟು ಓದಿ. ಮೊದಲನೆಯದು, ಬ್ರಿಟಿಷ್ ಸರ್ಕಾರದ ಅನುಮತಿಯಿಲ್ಲದೆ ಬೇರೆ ಯಾವ ರಾಜ್ಯದ ಪ್ರತಿನಿಧಿಯನ್ನೂ ಇಲ್ಲಿ ಬರಮಾಡಿಕೊಳ್ಳುವಂತಿಲ್ಲ. ಎರಡನೆಯದೇ ತಿರುಳು: ಅದೇ ಅನುಮತಿಯಿಲ್ಲದೆ ತನ್ನ ನೆಲದ ಯಾವ ಭಾಗವನ್ನೂ ಬೇರೆ ಸರ್ಕಾರಕ್ಕಾಗಲಿ ಅದರ ಪ್ರಜೆಗಳಿಗಾಗಲಿ ಬಿಟ್ಟುಕೊಡುವಂತಿಲ್ಲ, ಮಾರುವಂತಿಲ್ಲ, ಗೇಣಿಗೆ ಕೊಡುವಂತಿಲ್ಲ, ಅಡವು ಇಡುವಂತಿಲ್ಲ, ವಾಸಕ್ಕಾಗಲಿ ಇನ್ನಾವ ಕಾರಣಕ್ಕಾಗಲಿ ಸ್ವಾಧೀನ ಕೊಡುವಂತಿಲ್ಲ. ಈಗಾಗಲೇ ಪರದೇಶದ ಪ್ರಜೆಯ ಕೈಯಲ್ಲಿರುವ ನೆಲಕ್ಕೂ ಈ ಮಾತು ಅನ್ವಯ. ಮಸ್ಕತ್ತಿನ ಸುಲ್ತಾನ 1891ರಲ್ಲಿ, ಬಹ್ರೇನಿನವರೂ ಪಕ್ಕದ ಕರಾವಳಿಯ ಶೇಖರೂ 1892ರಲ್ಲಿ ಬರೆದುಕೊಟ್ಟದ್ದು ಹೆಚ್ಚುಕಡಿಮೆ ಇದನ್ನೇ. ಆ ಪತ್ರಗಳಲ್ಲಿ ಬಿಟ್ಟುಕೊಡುವುದು, ಮಾರುವುದು, ಅಡವಿಡುವುದು ಮಾತ್ರ ಹೆಸರು ಹೇಳಿ ಬಂದಿದ್ದವು. ಗೇಣಿ ಕುವೈತಿನ ಪತ್ರಕ್ಕೆ ಸೇರಿಕೊಂಡಿದೆ. ಹಳೆಯ ಕರಡಿನಲ್ಲಿ ಎಲ್ಲಿ ಸಂದು ಉಳಿದಿತ್ತೆಂದು ನೋಡಿ ಮುಚ್ಚುವುದು ಪತ್ರ ಬರೆಯುವವರ ಕಸುಬು.

ಮಾರುವುದು ಸರಿ, ಅಡವಿಗೇಕೆ ಇಷ್ಟು ಹೆದರಿಕೆ? ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಅಡಮಾನವೆಂದರೆ ಒಡೆತನವೇ ಸಾಲ ಕೊಟ್ಟವನ ಹೆಸರಿಗೆ ಹೋಗುವುದು. ಹಣ ತೀರಿಸಿದರೆ ಮರಳಿ ಬರೆದುಕೊಡುತ್ತೇನೆಂಬ ಷರತ್ತು ಪತ್ರದ ಒಡಲಲ್ಲಿರುತ್ತಿತ್ತು. ವಾಯಿದೆ ಸಾಮಾನ್ಯವಾಗಿ ಆರು ತಿಂಗಳು. ನಮ್ಮ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೇ ಕಲಮು ಆರು ಬಗೆಯ ಅಡಮಾನ ಹೇಳುವಾಗ ಇಂಗ್ಲಿಷ್ ಅಡಮಾನವೆಂದು ಹೆಸರಿಟ್ಟೇ ಇದನ್ನು ಬೇರೆ ಇರಿಸಿದೆ. ರಷ್ಯದ ಬ್ಯಾಂಕೊಂದಕ್ಕೆ ಮುಬಾರಕ್ ಒಂದು ಕೊಲ್ಲಿಮೂಲೆಯನ್ನು ಅಡವಿಟ್ಟರೆ, ಮೀಡ್ ಕಲಿತ ಕಾನೂನಿನ ಲೆಕ್ಕದಲ್ಲಿ ರಷ್ಯ ಅಲ್ಲಿ ಒಡೆಯನಾದಂತೆ. ಹಾಗಾಗಿ ಅದಕ್ಕೂ ಬೀಗ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲೆಂಡಿನ ಕಾನೂನಿನ ಬಗ್ಗೆ ಗೌರವ ಮೂಡುವ ಜಾಗವೂ ಇದೇ. ಹಳೆಯ ಕಾಲದಲ್ಲಿ ವಾಯಿದೆಯ ದಿನ ಒಂದು ಗಳಿಗೆ ತಪ್ಪಿದರೂ ನೆಲ ಹೋಯಿತೆಂದೇ ಅರ್ಥ. ಸಾಲಗಾರ ಹಣದ ಚೀಲ ಹಿಡಿದು ಮರುದಿನ ಬಂದರೆ ನ್ಯಾಯಾಧೀಶ ಪತ್ರ ತೋರಿಸುತ್ತಿದ್ದ. ಚಾನ್ಸರಿ ನ್ಯಾಯಾಲಯ ಹದಿನೇಳನೆಯ ಶತಮಾನದಲ್ಲಿ ಈ ಕ್ರೌರ್ಯಕ್ಕೆ ತಡೆ ಹಾಕಿತು. ನೆಲ ಕೊಟ್ಟದ್ದು ಸಾಲದ ಭದ್ರತೆಗೆ ತಾನೆ, ಹಾಗಿದ್ದರೆ ಬಡ್ಡಿ, ಖರ್ಚು, ಅಸಲು ತಂದವನಿಗೆ ಬಿಡಿಸಿಕೊಳ್ಳುವ ಹಕ್ಕು ವಾಯಿದೆ ದಾಟಿದ ಮೇಲೂ ಉಂಟು ಎಂದಿತು. ಸಾಲ ಕೊಟ್ಟವರು ಸುಮ್ಮನಿರಲಿಲ್ಲ. ಬಿಡಿಸಿಕೊಳ್ಳುವ ಹಕ್ಕನ್ನು ನಾನೇ ಸಂತೋಷದಿಂದ ಬಿಟ್ಟಿದ್ದೇನೆ ಎಂದು ಸಾಲಗಾರನಿಂದಲೇ ಬರೆಸಿಕೊಳ್ಳತೊಡಗಿದರು. 1762ರಲ್ಲಿ ವರ್ನನ್ ಮತ್ತು ಬೆಥೆಲ್ ನಡುವಿನ ಮೊಕದ್ದಮೆಯಲ್ಲಿ ಲಾರ್ಡ್ ಹೆನ್ಲಿ ಆ ದಾರಿಯ ಕೇಡನ್ನು ಬಿಡಿಸಿ ಹೇಳಿದ. ಅವನ ಮಾತಿನ ಸಾರ ಇಷ್ಟು: ಗರಜಿನಲ್ಲಿರುವವನು ನಿಜಕ್ಕೂ ಸ್ವತಂತ್ರನಲ್ಲ, ಆ ಹೊತ್ತಿನ ಕಷ್ಟ ಕಳೆಯಲು ಎದುರಿಗಿರುವವನು ಹಾಕಿದ ಯಾವ ಷರತ್ತಿಗೂ ಅವನು ತಲೆಬಾಗುತ್ತಾನೆ. ನಮ್ಮ ಕಾಯಿದೆಯ 60ನೇ ಕಲಮಿನಲ್ಲಿ ಈ ಹಕ್ಕು ನೆಲೆ ನಿಂತಿದೆ. ಕರ್ನಾಟಕದಲ್ಲಿ ಭೋಗ್ಯಕ್ಕೆ ಬಿದ್ದ ಗದ್ದೆ ಬಿಡಿಸಿಕೊಂಡ ಎಷ್ಟೋ ಮನೆತನಗಳಿಗೆ ಅನ್ನ ಕೊಟ್ಟ ಕಲಮು ಅದು.

ಈಗ ಮತ್ತೆ ಕುವೈತಿನ ಪತ್ರ ನೋಡಿ. ಸ್ವಂತ ಇಚ್ಛೆಯಿಂದ ಎಂದು ಬರೆದಿರುವ ಸಾಲಿನ ಪಕ್ಕದಲ್ಲಿ ಹೆನ್ಲಿಯ ಮಾತು ಇಟ್ಟುಕೊಂಡು ಓದಿ. ಬಸ್ರಾದಲ್ಲಿ ಸೋದರರ ಮಕ್ಕಳು, ಇಸ್ತಾಂಬುಲಿನಲ್ಲಿ ಸುಲ್ತಾನ, ಫಾವ್ ಕಡೆ ತುರ್ಕರ ಆಡಳಿತದಲ್ಲಿ ಸಿಕ್ಕಿಕೊಂಡ ಮನೆತನದ ಖರ್ಜೂರದ ತೋಟಗಳು. ಇಷ್ಟು ಗರಜು ಹೊತ್ತವನು ತಂದುಕೊಟ್ಟ ಸಂತೋಷಕ್ಕೆ ಚಾನ್ಸರಿ ನ್ಯಾಯಾಲಯ ಬೆಲೆ ಕಟ್ಟುತ್ತಿರಲಿಲ್ಲ. ಪತ್ರಕ್ಕೆ ವಾಯಿದೆ ಇಲ್ಲ. ಎಂದು ಮುಗಿಯುತ್ತದೆ, ಏನು ತೀರಿಸಿದರೆ ಬಿಡುಗಡೆ ಎಂಬ ಕಲಮು ಹುಡುಕಿದರೆ ಸಿಗುವುದಿಲ್ಲ. ಸ್ವತ್ತನ್ನು ಕೊಡುವಾಗ ಪಡೆದವನು ಅದನ್ನು ಎಂದೂ ಯಾರಿಗೂ ಪರಭಾರೆ ಮಾಡಕೂಡದೆಂದು ಪೂರ್ತಿ ಕಟ್ಟಿಹಾಕಿದರೆ ಆ ಷರತ್ತು ಅನೂರ್ಜಿತ ಎಂದು 1882ರ ಕಾಯಿದೆಯ 10ನೇ ಕಲಮು ಹೇಳುತ್ತದೆ. ರಾಜ್ಯಗಳ ನಡುವಿನ ಕರಾರಿಗೆ ಆ ಕಲಮು ತಾಗುವುದಿಲ್ಲ, ಒಪ್ಪುತ್ತೇನೆ. ಆದರೂ ಒಬ್ಬ ಸಾಮಾನ್ಯ ಸಾಲಗಾರನಿಗೆ ಸಿಕ್ಕ ಕರುಣೆ ಒಂದು ಊರಿಗೆ ಸಿಗಲಿಲ್ಲವೆಂಬುದು ನನ್ನನ್ನು ನೋಯಿಸುತ್ತದೆ.

ಇನ್ನೊಂದು ಕೊರತೆ ನಮ್ಮ ಯಾವ ಬರಹಗಾರನ ಕಣ್ಣಿಗೂ ಮೊದಲೇ ಬೀಳುವಂಥದ್ದು. ಷೆಡ್ಯೂಲು ಇಲ್ಲ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಏನು ಎಂಬ ಚಕ್ಕುಬಂದಿ ಇಲ್ಲದೆ ಒಂದು ಗುಂಟೆಯೂ ನೋಂದಣಿಯಾಗದು. ಇಲ್ಲಿ ಅವನ ನೆಲದ ಎಲ್ಲೆಯೊಳಗೆ ಎಂದಿದೆಯೇ ಹೊರತು ಎಲ್ಲೆ ಯಾವುದೆಂದು ಬರೆದಿಲ್ಲ. ಮರಳುಗಾಡಿನಲ್ಲಿ ಬಾವಿ, ಮೇವು, ಝಕಾತ್ ಕೊಡುವ ಬುಡಕಟ್ಟು ಇವೇ ಎಲ್ಲೆ. 1913ರಲ್ಲಿ ಲಂಡನ್ನೂ ಇಸ್ತಾಂಬುಲೂ ಕುವೈತಿನ ಸುತ್ತ ಕೆಂಪು, ಹಸಿರು ವೃತ್ತ ಎಳೆದ ಒಪ್ಪಂದ ಊರ್ಜಿತವಾಗಲೇ ಇಲ್ಲ. 1922ರಲ್ಲಿ ಉಕೈರಿನಲ್ಲಿ ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್ ದಕ್ಷಿಣದ ಗಡಿ ಎಳೆದಾಗ ಕುವೈತ್ ದೊಡ್ಡ ಪಾಲು ಕಳೆದುಕೊಂಡಿತು. ಇರಾಕಿನ ಕಡೆಯ ಗಡಿ ವಿಶ್ವಸಂಸ್ಥೆಯ ಆಯೋಗದಿಂದ ಗುರುತಾಗಿ ಭದ್ರತಾ ಮಂಡಳಿಯ 833ನೇ ನಿರ್ಣಯದಲ್ಲಿ ಸೇರಿದ್ದು 1993ರ ಮೇ ತಿಂಗಳಲ್ಲಿ. ನಡುವೆ ಒಂದು ಆಕ್ರಮಣ, ಒಂದು ಯುದ್ಧ ಆಗಿಹೋಗಿತ್ತು.

ಮೀಡ್ ರುಜು ಹಾಕುತ್ತಾನೆ. ಮುಬಾರಕನ ಒಪ್ಪಿಗೆ ಬೀಳುತ್ತದೆ. ಸಾಕ್ಷಿ ಹಾಕಿದವರಲ್ಲಿ ಗ್ಯಾಸ್ಕಿನ್ ಇದ್ದಾನೆ, ಮುಹಮ್ಮದ್ ರಹೀಮ್ ಸಫರ್ ಇದ್ದಾನೆ. ಅದೇ ದಿನದ ಬೇರೊಂದು ಪತ್ರದಲ್ಲಿ ಮೀಡ್ ಬರೆದುಕೊಡುವುದು ಮೂರು ಮಾತು. ಕರಾರನ್ನು ನಿಷ್ಠೆಯಿಂದ ಪಾಲಿಸುವಷ್ಟು ಕಾಲ ಬ್ರಿಟಿಷ್ ಸರ್ಕಾರದ ಸ್ನೇಹ ನಿನಗೂ ನಿನ್ನ ವಾರಸುದಾರರಿಗೂ ಇರುತ್ತದೆ. ಬುಶೆಹ್ರ್ ಖಜಾನೆಯಿಂದ 15,000 ರೂಪಾಯಿ ಸಲ್ಲುತ್ತದೆ. ಇದೆಲ್ಲ ಪೂರ್ತಿ ಗುಟ್ಟಾಗಿರಬೇಕು. 1897ರಲ್ಲಿ ಅವನು ಕೇಳಿದ್ದ ರಕ್ಷಣೆ ಎರಡೂ ಕಾಗದದಲ್ಲಿಲ್ಲ.

ಪರೀಕ್ಷೆ ಬಹಳ ಬೇಗ ಬಂತು. 1900ರ ಜನವರಿಯಲ್ಲಿ ಜರ್ಮನಿಯ ಕಾನ್ಸಲ್ ಜನರಲ್ ಸ್ಟೆಮ್ರಿಖ್ ಒಂದು ತಂಡ ಕಟ್ಟಿಕೊಂಡು ಬಾಗ್ದಾದ್ ರೈಲಿನ ಕೊನೆಯ ನಿಲ್ದಾಣಕ್ಕೆ ಜಾಗ ಹುಡುಕುತ್ತ ಬಂದ. ಕೊಲ್ಲಿಯ ಒಳತುದಿಯ ಕಾಝಿಮಾದಲ್ಲಿ ನೆಲ ಬೇಕಿತ್ತು. ಮುಬಾರಕ್ ಕೊಡಲಿಲ್ಲ. ಬಂದವರಿಗೆ ಅವನು ಯಾವ ಕಾಗದದಿಂದ ಕಟ್ಟಿಕೊಂಡಿದ್ದಾನೆಂದು ತೋರಿಸುವಂತೆಯೂ ಇರಲಿಲ್ಲ.

1907ರ ಅಕ್ಟೋಬರ್ 15ಕ್ಕೆ ಬನ್ನಿ. ಈ ಸಲ ಊರಿನ ಪಶ್ಚಿಮಕ್ಕಿರುವ ಶುವೈಖ್ ಬಂದರಿನ ನೆಲ. ಇಲ್ಲಿ ಪೊಲಿಟಿಕಲ್ ಏಜೆಂಟ್ ಆಗಿ 1904ರಲ್ಲೇ ಬಂದಿಳಿದ ಮೇಜರ್ ನಾಕ್ಸ್ ಬರೆಸಿಕೊಂಡದ್ದು ಶಾಶ್ವತ ಗೇಣಿ, ವರ್ಷಕ್ಕೆ 60,000 ರೂಪಾಯಿ. ದಕ್ಷಿಣ ಕನ್ನಡದವರಿಗೆ ವಿವರಿಸಬೇಕಾಗಿಲ್ಲ, ಇದು ಮೂಲಗೇಣಿಯೇ. ನಮ್ಮಲ್ಲಿ ಮೂಲಗೇಣಿ ಒಕ್ಕಲಿಗೆ ಬಲ ಕೊಟ್ಟಿತು, ಗೇಣಿ ಸಂದಾಯವಾಗುವಷ್ಟು ಕಾಲ ಒಡೆಯ ಎಬ್ಬಿಸುವಂತಿರಲಿಲ್ಲ. ಶುವೈಖಿನಲ್ಲಿ ಒಕ್ಕಲು ಸಾಮ್ರಾಜ್ಯವೇ. ಬೇಡವೆನಿಸಿದ ದಿನ ಬಿಟ್ಟುಹೋಗುವ ಸ್ವಾತಂತ್ರ್ಯವನ್ನು ಅದು ತನಗೆ ಇರಿಸಿಕೊಂಡಿತು. ಶೇಖನಿಗೆ ಅಂಥದ್ದಿರಲಿಲ್ಲ. ಮುಬಾರಕನನ್ನು ಮೋಸ ಹೋದ ಮುಗ್ಧನೆಂದು ತಿಳಿಯಬೇಡಿ. ವರ್ಷವರ್ಷ ಬರುವ ಹಣದ ಬೆಲೆ ಗೊತ್ತಿದ್ದೇ ಚೌಕಾಸಿ ಮಾಡಿದವನು ಅವನು. 1914ರ ನವೆಂಬರ್ 3ರಂದು, ತುರ್ಕಿಯ ಮೇಲೆ ಯುದ್ಧಕ್ಕೆ ಅವನ ನೆರವು ಬೇಕಾದಾಗ, ಬ್ರಿಟಿಷ್ ರಕ್ಷಣೆಯಲ್ಲಿರುವ ಸ್ವತಂತ್ರ ಆಡಳಿತ ಎಂಬ ಮಾತು ಕೊನೆಗೂ ಕಾಗದಕ್ಕೆ ಬಂತು. ಫಾವ್ ಮತ್ತು ಕುರ್ನಾ ನಡುವಿನ ಖರ್ಜೂರದ ತೋಟಗಳು ತೆರಿಗೆಯಿಲ್ಲದೆ ಅವನಿಗೂ ಅವನ ಸಂತತಿಗೂ ಉಳಿಯುತ್ತವೆ ಎಂಬ ಭರವಸೆಯೂ ಸಿಕ್ಕಿತು.

1934ರ ಡಿಸೆಂಬರ್ 23ರಂದು ಮುಬಾರಕನ ಮೊಮ್ಮಗ ಶೇಖ್ ಅಹ್ಮದ್ ಕುವೈತ್ ಆಯಿಲ್ ಕಂಪನಿಗೆ 75 ವರ್ಷದ ಎಣ್ಣೆ ಗುತ್ತಿಗೆ ಬರೆದುಕೊಟ್ಟ. ರುಜು ಬಿದ್ದಾಗ ಸಂದ ಹಣ 4,75,000 ರೂಪಾಯಿ. ಅದೂ ರೂಪಾಯಿಯಲ್ಲೇ.

ನೀವು ಇವತ್ತು ಕುವೈತಿನಲ್ಲಿ ನೌಕರಿಯಲ್ಲಿರುವ ಕನ್ನಡಿಗರಾದರೆ ಸಾಲ್ಮಿಯಾದಲ್ಲೋ ಅಬ್ಬಾಸಿಯಾದಲ್ಲೋ ಬಾಡಿಗೆ ಮನೆಯಲ್ಲಿರುತ್ತೀರಿ. ವಲಸೆ ಬಂದವರ ಹೆಸರಿಗೆ ಸಾಮಾನ್ಯವಾಗಿ ಇಲ್ಲಿ ನೆಲ ಆಗುವುದಿಲ್ಲ. ಊರಿನ ಮನೆ ಮೇಲೆ ಬ್ಯಾಂಕಿನ ಸಾಲ ತೆಗೆಯಬೇಕಾದರೆ, ತಮ್ಮನಿಗೋ ಹೆಂಡತಿಗೋ ಅಧಿಕಾರ ಪತ್ರ ಬರೆದು ದಾಯಿಯಾದ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸುತ್ತೀರಿ. ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆ ಕರಡನ್ನು ರುಜುವಿಗೆ ಮುಂಚೆ ಕೂತು ಓದಿ. ಯಾವ ಸ್ವತ್ತು, ಎಷ್ಟು ಸಾಲಕ್ಕೆ, ಅಡವು ಇಡುವುದಕ್ಕೆ ಮಾತ್ರವೋ ಮಾರುವುದಕ್ಕೂ ಸೇರಿಸಿಯೋ, ಎಂದಿನವರೆಗೆ? ಜಾಗದ ಚಕ್ಕುಬಂದಿ ಮೂಲ ಪತ್ರಕ್ಕೆ ತಾಳೆಯಾಗುತ್ತದೆಯೇ? ಬರಹಗಾರ ಹಳೆಯ ನಮೂನೆಯಿಂದ ಎತ್ತಿಟ್ಟ ಒಂದು ಸಾಲು ನಿಮ್ಮ ಮಕ್ಕಳನ್ನೂ ಕಟ್ಟುತ್ತದೆ.

1961ರ ಏಪ್ರಿಲ್‌ನಲ್ಲಿ ಕುವೈತಿನ ಪೇಟೆಯಿಂದ ರೂಪಾಯಿ ಹೊರಟಿತು. ಹದಿಮೂರು ಮತ್ತು ಮೂರನೇ ಒಂದು ರೂಪಾಯಿಗೆ ಒಂದು ದಿನಾರ್. ಜೂನ್ 19ರಂದು ಶೇಖ್ ಅಬ್ದುಲ್ಲಾ ಅಲ್ ಸಾಲಿಮ್ ಮತ್ತು ರೆಸಿಡೆಂಟ್ ವಿಲಿಯಂ ಲೂಸ್ ಪತ್ರ ಬದಲಿಸಿಕೊಂಡರು. 1899ರ ಜನವರಿ 23ರ ಕರಾರು ಕುವೈತಿನ ಸಾರ್ವಭೌಮತ್ವಕ್ಕೆ ಹೊಂದುವುದಿಲ್ಲವಾದ್ದರಿಂದ ರದ್ದು. ಆರು ದಿನ ಕಳೆದು, ಜೂನ್ 25ರಂದು, ಬಾಗ್ದಾದಿನಲ್ಲಿ ಇರಾಕಿನ ಪ್ರಧಾನಿ ಅಬ್ದುಲ್ ಕರೀಮ್ ಕಾಸಿಮ್ ಕುವೈತ್ ಬಸ್ರಾ ಪ್ರಾಂತ್ಯದ್ದು, ಆದ್ದರಿಂದ ನಮ್ಮದು ಎಂದು ಹಳೆಯ ಹಕ್ಕಿನ ತಕರಾರು ಎತ್ತಿದ. ಜೂನ್ 19ರ ಪತ್ರದಲ್ಲಿ ಇನ್ನೊಂದು ಸಾಲಿತ್ತು: ಕುವೈತ್ ಕೇಳಿದರೆ ಬ್ರಿಟನ್ ನೆರವಿಗೆ ಸಿದ್ಧ. ಅಬ್ದುಲ್ಲಾ ಕೇಳಿದ. ಜುಲೈ 1ರಂದು ಬ್ರಿಟಿಷ್ ಸೈನಿಕರು ಕುವೈತಿನಲ್ಲಿ ಇಳಿದರು, ಅದಕ್ಕೆ ಪ್ರತಿಯಾಗಿ ಯಾವ ನೆಲವನ್ನೂ ಬರೆಸಿಕೊಳ್ಳದೆ.