ಒತ್ತಿದರೂ ಬಾರದ ಒತ್ತು

ದೇಹದ ಯಾವ ಅಂಗ ಎಷ್ಟು ಮುಖ್ಯವೆಂಬುದು ಅದು ಮುನಿಸಿಕೊಳ್ಳುವವರೆಗೆ ನಮಗೆ ತಿಳಿಯುವುದಿಲ್ಲ. ಕಾಲಿನ ಕಿರುಬೆರಳಿಗೆ ಪೆಟ್ಟು ಬಿದ್ದ ದಿನವೇ, ನಮ್ಮ ನಡಿಗೆಯಲ್ಲಿ ಅದಕ್ಕೂ ಒಂದು ಪಾಲಿದೆಯೆಂದು ಒಪ್ಪಿಕೊಳ್ಳುತ್ತೇವೆ. ಈ ಪಾಠವನ್ನು ನನಗೆ ಇನ್ನೊಮ್ಮೆ ಕಲಿಸಿದ್ದು ನನ್ನ ಲ್ಯಾಪ್‌ಟಾಪಿನ ಒಂದು ಕೀಲಿ.

ಆ ಸಂಜೆ ನಾನು ನಮ್ಮ ತಾಯಿಯವರ ನೆನಪುಗಳನ್ನು ಬರೆದುಕೊಳ್ಳುತ್ತ ಕುಳಿತಿದ್ದೆ. ಅವರಿಗೆ 85 ವರ್ಷ ದಾಟಿದೆ. ಅವರು ಹುಟ್ಟಿ ಬೆಳೆದ ಊರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಏರಿದಾಗ, ಆ ಕಣಿವೆಯ ಅನೇಕ ಊರುಗಳೊಡನೆ ಅದೂ ಮುಳುಗಿತು. ಈಗ ಆ ಊರು ಉಳಿದಿರುವುದು ಅವರ ಮಾತಿನಲ್ಲಿ ಮಾತ್ರ. ಅಂದು ಅವರ ನೆನಪಿಗೆ ಅಪರೂಪದ ಹುರುಪು ಬಂದಿತ್ತು. ಹೊಳೆಯ ಕಡೆಯಿಂದ ಆರಂಭಿಸಿ ಒಂದೊಂದು ಗದ್ದೆಯ ಹೆಸರನ್ನೂ ಸಾಲಾಗಿ ಹೇಳತೊಡಗಿದರು. ನಾನು ಪಕ್ಕದ ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ಮೆಲ್ಲುತ್ತ, ಕೀಲಿಮಣೆಯ ಮೇಲೆ ಬೆರಳಾಡಿಸುತ್ತಿದ್ದೆ.

ತಲೆಯೆತ್ತಿ ಪರದೆಯನ್ನು ನೋಡಿದರೆ, ‘ಗದ್ದೆ’ ಇರಬೇಕಾದಲ್ಲಿ ‘ಗದದೆ’ ಇತ್ತು. ‘ಅಜ್ಜಿ’ಯು ‘ಅಜಜಿ’ಯಾಗಿದ್ದರು. ‘ಅಮ್ಮ’ ಎಂದು ಬರೆದರೆ ‘ಅಮಮ’, ‘ಕನ್ನಡ’ ಎಂದರೆ ‘ಕನನಡ’! ಒತ್ತಕ್ಷರಗಳೆಲ್ಲ ಒಮ್ಮೆಗೇ ಮುಷ್ಕರ ಹೂಡಿದ್ದವು.

ಕಾರಣ ಹೊಳೆಯಲು ತಡವಾಗಲಿಲ್ಲ. ನಾನು ಬಳಸುವುದು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ ಕನ್ನಡವೆಲ್ಲವೂ ಅಡಗುವಂತೆ ಮಾಡಿದ ಜಾಣ್ಮೆ ಅದರದು. ‘ಎಫ್’ಗೆ ಸರಿಸಮನಾದ ಅಕ್ಷರ ನಮ್ಮ ವರ್ಣಮಾಲೆಯಲ್ಲಿಲ್ಲ. ಆ ವಿನ್ಯಾಸದಲ್ಲಿ ಎಫ್ ಕೀಲಿಗೆ ಸ್ವಂತದ ಅಕ್ಷರವಿಲ್ಲದಿದ್ದರೂ, ಒಂದು ಅಕ್ಷರವನ್ನು ಇನ್ನೊಂದಕ್ಕೆ ಕೂಡಿಸುವ ಕೆಲಸ ಅದರ ಪಾಲಿಗೆ ಬಂದಿದೆ. ನನ್ನ ಯಂತ್ರದಲ್ಲಿ ಈಗ ಒತ್ತಿದರೂ ಒತ್ತು ಬಾರದಿದ್ದುದು ಆ ಕೀಲಿಯಿಂದಲೇ.

“ತಾಳಮ್ಮ, ಒಂದು ನಿಮಿಷ” ಎಂದೆ. ಅವರು ಸುಮ್ಮನಾದರು.

ಮೊದಲು ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆ, ಪ್ರಯೋಜನವಾಗಲಿಲ್ಲ. ಕನ್ನಡದ ತಂತ್ರಾಂಶವೇ ಕೆಟ್ಟಿರಬಹುದೆಂದು ಇಂಗ್ಲಿಷಿಗೆ ಬದಲಾಯಿಸಿ ನೋಡಿದೆ. ಅಲ್ಲಿಯೂ ಎಫ್ ಮೂಡಲಿಲ್ಲ. ಹಾಗಾದರೆ ದೋಷ ಭಾಷೆಯದಲ್ಲ. ಮಗಳ ಮೇಜಿನ ಮೇಲಿದ್ದ ಬೇರೊಂದು ಕೀಲಿಮಣೆಯನ್ನು ತಂದು ಜೋಡಿಸಿದಾಗ ಒತ್ತಕ್ಷರಗಳು ಸಲೀಸಾಗಿ ಬಂದವು. ಅಲ್ಲಿಗೆ ಯಂತ್ರದ ಒಳಗಿನ ಬುದ್ಧಿ ನೆಟ್ಟಗಿದೆ, ಕೆಟ್ಟಿರುವುದು ಅದರ ಕೀಲಿಮಣೆ ಎಂದಾಯಿತು. ಅದರಲ್ಲಿಯೂ ಅಕ್ಕಪಕ್ಕದ ಕೀಲಿಗಳೆಲ್ಲ ಸರಿಯಾಗಿದ್ದವು. ತೊಂದರೆ ಆ ಒಂದೇ ಕೀಲಿಯಲ್ಲಿ. ಅದನ್ನು ಒತ್ತಿದರೆ ಪೂರ್ತಿ ಕೆಳಗಿಳಿಯುತ್ತಲೂ ಇರಲಿಲ್ಲ.

ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಕೀಲಿಯ ಅಡಿಯಲ್ಲಿ ಕತ್ತರಿಯಂತೆ ಮಡಿಚಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಚೌಕಟ್ಟು, ಅದರ ನಡುವೆ ರಬ್ಬರಿನ ಒಂದು ಗುಮ್ಮಟ ಇರುತ್ತವೆ. ಗುಮ್ಮಟದ ಕೆಳಗೆ ಮೂರು ತೆಳುವಾದ ಹಾಳೆಗಳು. ಮೇಲಿನದರಲ್ಲಿಯೂ ಕೆಳಗಿನದರಲ್ಲಿಯೂ ವಿದ್ಯುತ್ತು ಹರಿಯುವ ಗೆರೆಗಳಿವೆ. ನಡುವಿನ ಹಾಳೆ ಅವೆರಡನ್ನೂ ಬೇರೆಯಾಗಿ ಇರಿಸುತ್ತದೆ. ಆದರೆ ಪ್ರತಿ ಕೀಲಿಯ ನೇರಕ್ಕೂ ನಡುಹಾಳೆಯಲ್ಲಿ ಒಂದು ರಂಧ್ರವಿದೆ. ಬೆರಳಿನ ಒತ್ತಡಕ್ಕೆ ಗುಮ್ಮಟ ಕುಸಿದು, ಆ ರಂಧ್ರದ ಮೂಲಕ ಮೇಲಿನ ಹಾಳೆ ಕೆಳಗಿನದನ್ನು ಮುಟ್ಟಿದಾಗಲೇ ಅಕ್ಷರ ಮೂಡುವುದು. ಕೂದಲೆಳೆಯಷ್ಟು ಅಂತರ ಉಳಿದರೂ ಇಲ್ಲ.

ಕೀಲಿಮಣೆಯನ್ನೇ ಬದಲಾಯಿಸಬೇಕೋ ಏನೋ ಎಂದು ಗೊಣಗಿಕೊಂಡೆ. ತಾಯಿಯವರಿಗೆ ಅದು ಕೇಳಿಸಿತು. “ಬೀಸುಕಲ್ಲು ತಿರುಗದಿದ್ದರೆ ಮೊದಲು ಮೇಲಿನ ಕಲ್ಲನ್ನು ಎತ್ತಿ ನೋಡಬೇಕಪ್ಪಾ. ಕಲ್ಲುಕುಟಿಗನನ್ನು ಕರೆಯುವುದು ಆಮೇಲೆ” ಎಂದರು.

ಯಂತ್ರವನ್ನು ಪೂರ್ತಿ ಆರಿಸಿ, ವಿದ್ಯುತ್ತಿನ ತಂತಿಯನ್ನು ಕಳಚಿ, ಅದನ್ನು ಬೋರಲು ಹಿಡಿದು ಬೆನ್ನಿನ ಮೇಲೆ ಮೆಲ್ಲನೆ ತಟ್ಟಿದೆ. ಒಂದಿಷ್ಟು ಪುಡಿ ಉದುರಿತು. ಕೀಲಿಯನ್ನು ಮೀಟಿ ಕಿತ್ತರೆ ಅಡಿಯ ಚೌಕಟ್ಟು ಮುರಿದೀತೆಂಬ ಭಯದಿಂದ, ಮೃದುವಾದ ಕುಂಚವೊಂದನ್ನು ಅದರ ಅಂಚಿನ ಸುತ್ತ ಆಡಿಸಿ ಮತ್ತೆ ತಟ್ಟಿದೆ. ಆಗ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಚೂರೊಂದು ಮೇಜಿನ ಮೇಲೆ ಬಿದ್ದಿತು. ಅದು ಚಕ್ಕುಲಿಯ ಚೂರು! ಯಂತ್ರವನ್ನೂ, ಅದನ್ನು ಮಾಡಿದವರನ್ನೂ ಮನಸ್ಸಿನಲ್ಲಿಯೇ ಬೈದು ಮುಗಿಸಿದ್ದ ನನಗೆ ನಾಚಿಕೆಯಾಯಿತು. ಚಕ್ಕುಲಿಯನ್ನು ‘ಚಕಕುಲಿ’ ಮಾಡಿದ್ದು ಚಕ್ಕುಲಿಯೇ. ಅದನ್ನು ಅಲ್ಲಿಗೆ ಬೀಳಿಸಿದವನು ನಾನೇ.

ಯಂತ್ರವನ್ನು ಹೊತ್ತಿಸಿ ‘ಅಮ್ಮ’ ಎಂದು ಬರೆದೆ. ಒತ್ತು ಬಂದಿತು. “ಸರಿಯಾಯಿತಮ್ಮ, ಮುಂದೆ ಹೇಳು” ಎಂದು ತಿರುಗಿದರೆ, ತಾಯಿಯವರು ಕುಳಿತಲ್ಲಿಯೇ ನಿದ್ದೆ ಹೋಗಿದ್ದರು. ಒಂದು ನಿಮಿಷವೆಂದು ಹೇಳಿದವನು ಒಂದು ಗಂಟೆ ಕಳೆದಿದ್ದೆ.

ಮರುದಿನ ಅವರು ಗದ್ದೆಗಳ ಹೆಸರುಗಳನ್ನು ಮತ್ತೆ ಹೇಳಿದರು. ಹೊಳೆಯಂಚಿನ ಒಂದರ ಹೆಸರು ಮಾತ್ರ ಎಷ್ಟು ಯೋಚಿಸಿದರೂ ಬರಲಿಲ್ಲ. “ನಿನ್ನೆ ಹೇಳಿದ್ದೆನಲ್ಲ” ಎಂದರು. ಹೌದು, ಹೇಳಿದ್ದರು. ನಾನು ಆಗ ಕೀಲಿಯನ್ನು ನೋಡುತ್ತಿದ್ದೆ.

ಕೆಟ್ಟ ಕೀಲಿಯನ್ನು ತಾಳ್ಮೆಯಿಂದ ಹುಡುಕಿ ಸರಿಪಡಿಸಬಹುದು. ಅದಕ್ಕೆ ಇಂದೇ ಆಗಬೇಕೆಂಬ ಅವಸರವಿಲ್ಲ. ಹಿರಿಯರ ನೆನಪು ಹಾಗಲ್ಲ. ಈಗ ನಾನು ಅವರ ಮುಂದೆ ಕುಳಿತಾಗ ಲ್ಯಾಪ್‌ಟಾಪಿನ ಪಕ್ಕದಲ್ಲಿ ಚಕ್ಕುಲಿಯ ತಟ್ಟೆ ಇರುವುದಿಲ್ಲ. ಅದರ ಜಾಗದಲ್ಲಿ ಒಂದು ನೋಟುಪುಸ್ತಕವೂ ಪೆನ್ಸಿಲೂ ಇರುತ್ತವೆ.