ದರ್ಜಿ ಮತ್ತು ಟೇಲರ್

ಅಬ್ಬಾ ತೀರಿಕೊಂಡ ಮೇಲೆ ಗುರುಗುಂಟಾದ ಮನೆಯನ್ನು ನಮ್ಮ ಹೆಸರಿಗೆ ಮಾಡಿಸಲು ಅಣ್ಣತಮ್ಮಂದಿರಿಬ್ಬರೂ ಕಚೇರಿಗೆ ಹೋದೆವು. ಗುಮಾಸ್ತರು ಕಾಗದಗಳನ್ನು ತಿರುವಿ ಹಾಕಿ, "ಒಬ್ರು ದರ್ಜಿ, ಇನ್ನೊಬ್ರು ಟೇಲರ್. ನೀವು ಒಬ್ಬ ತಂದಿ ಮಕ್ಕಳು ಅನ್ನೋದಕ್ಕ ಏನು ದಾಖಲೆ?" ಎಂದರು.

ನಮ್ಮಲ್ಲಿ ದೊಡ್ಡವನನ್ನು ಶಾಲೆಗೆ ಸೇರಿಸಿದಾಗ ಮೇಷ್ಟ್ರು ಅಡ್ಡಹೆಸರು 'ದರ್ಜಿ' ಎಂದು ಬರೆದುಕೊಂಡಿದ್ದರು. ಚಿಕ್ಕವನ ಸರದಿ ಬರುವ ಹೊತ್ತಿಗೆ ಅಬ್ಬಾ ಊರವರ ಬಾಯಲ್ಲಿ 'ಟೇಲರ್ ಸಾಬ್' ಆಗಿದ್ದರು. ಅಮರೇಶ್ವರ ಜಾತ್ರೆಯಿರಲಿ, ರಂಜಾನಿರಲಿ, "ಟೇಲರ್ ಸಾಬ್ರ, ಅಂಗಿ ಆತೇನ್ರೀ?" ಎನ್ನುವವರು ಅಂಗಡಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ.

ಸುರಪುರದಲ್ಲಿ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬನ ಕಥೆ ಕೇಳಿದಾಗ, ಅವನೂ ಬಟ್ಟೆ ಹೊಲಿಯುವವನೇ ಎಂದು ನಾವು ತಿಳಿದಿದ್ದೆವು. "ಅವನ ಮುತ್ತಜ್ಜನ ಮುತ್ತಜ್ಜ ಹೊಲ್ದಿರ್ಬೇಕು ಬಿಡ್ರೋ" ಎಂದು ಅಬ್ಬಾ ನಕ್ಕಿದ್ದರು.

ಅಬ್ಬಾ ಹೇಳಿದ್ದು ಸುಳ್ಳಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚ್ ನುಡಿಯ ಜೊತೆ ಬಂದ ಪದವಿದು. ಬಟ್ಟೆ ಕತ್ತರಿಸುವವನು ಎಂಬುದು ಮೂಲಾರ್ಥ. ಕಸುಬಿನ ಹೆಸರು ಮುಂದಿನ ಶತಮಾನಗಳಲ್ಲಿ ಮಕ್ಕಳಿಗೂ ಅಂಟಿಕೊಂಡಿತು. ಕಮ್ಮಾರ ಸ್ಮಿತ್ ಆದ, ರೊಟ್ಟಿ ಸುಡುವವ ಬೇಕರ್ ಆದ. ಮನೆತನದ ಹೆಸರಾದಾಗ ಇಂಗ್ಲಿಷಿನಲ್ಲಿ ಒಂದಕ್ಷರ ಬದಲಾಗುತ್ತದೆ, ಕನ್ನಡದಲ್ಲಿ ಬರೆದರೆ ಆ ಭೇದವೂ ಇಲ್ಲ. 'ದರ್ಜಿ'ಯೂ ಹಾಗೆಯೇ ಆಳುವವರ ನುಡಿಯಿಂದ ಬಂದದ್ದು. ಪಾರಸಿಯಲ್ಲಿ 'ದರ್ಜ್' ಎಂದರೆ ಹೊಲಿಗೆ.

ನಮ್ಮ ಕಡೆಯ ನದಾಫ, ಅತ್ತಾರ, ಮಣಿಯಾರ, ಬಡಿಗೇರ, ಕಂಬಾರ, ಪತ್ತಾರ ಎಲ್ಲರೂ ಕಸುಬಿನಿಂದಲೇ ಹೆಸರು ಪಡೆದವರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಅವರಿಗೆ ಸೂಜಿಯೇ ಗುರುತು. ಕಾಲೇಜಿಗೆ ಹೋದ ನಾವು ಮಾತ್ರ ಅಡ್ಡಹೆಸರಿನ ಮೊದಲಕ್ಷರವನ್ನಷ್ಟೇ ಬರೆದು ಉಳಿದದ್ದನ್ನು ಮುಚ್ಚಿಡುತ್ತಿದ್ದೆವು. ಟೇಲರ್ ಎಂಬ ಹೆಸರಿಗೆ ಸಾಹೇಬ ನಾಚಿದ್ದನೆಂದು ಎಲ್ಲೂ ಓದಿಲ್ಲ. ಅಬ್ಬಾ ಕತ್ತರಿ ಹಿಡಿದು ಫೀ ಕಟ್ಟಿದ ಹೆಸರಿಗೆ ನಾವು ನಾಚಿದೆವು.

ಕೊನೆಗೆ ಛಾಪಾ ಕಾಗದದ ಮೇಲೆ, 'ದರ್ಜಿ ಮತ್ತು ಟೇಲರ್ ಎಂಬ ಅಡ್ಡಹೆಸರಿನ ನಾವು ಒಬ್ಬ ತಂದೆಯ ಮಕ್ಕಳು' ಎಂದು ಬರೆಸಿ ಇಬ್ಬರೂ ಸಹಿ ಹಾಕಿದೆವು. ಹಿಂದೆಂದೂ ಆ ಹೆಸರನ್ನು ಅಷ್ಟು ಪೂರ್ತಿಯಾಗಿ ಬರೆದಿರಲಿಲ್ಲ.

ಹೊರಗೆ ಬಂದಾಗ ಅಣ್ಣನ ಅಂಗಿಯ ಗುಂಡಿಯೊಂದು ಕಿತ್ತು ಜೋತಾಡುತ್ತಿರುವುದು ಕಂಡಿತು. ಅದನ್ನು ಹಚ್ಚಲು ನಮ್ಮಿಬ್ಬರಿಗೂ ಬರುವುದಿಲ್ಲ.