ಕಲಬೆರಕೆ ಅಂತ ಬರೆದದ್ದು ನನ್ನ ತಪ್ಪು

ಮೂರು ವರ್ಷದ ಹಿಂದೆ ನಾನು ಕಳಿಸಿದ ಒಂದು ಸುದ್ದಿಗೆ ಹೀಗೊಂದು ತಲೆಬರಹ ಇತ್ತು: ‘ಮನೆ ಚಾಕೊಲೇಟಿಗೆ ಕಲಬೆರಕೆ ಎಣ್ಣೆ?’ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದು ಡಿಪ್ಲೊಮಾದಲ್ಲಿ ಯಾರೂ ಕಲಿಸಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನೇ ಕಲಿತುಕೊಂಡಿದ್ದೆ.

ನಮ್ಮದು ದಕ್ಷಿಣ ಕನ್ನಡದ ಅಡಿಕೆ ತೋಟಗಳ ಊರು. ಅಡಿಕೆ ಮರಗಳ ನಡುವೆ ಕೊಕ್ಕೋ ಗಿಡ ಇರುವುದು ಇಲ್ಲಿ ಹೊಸತಲ್ಲ. ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ಪಕ್ಕದ ಹಳ್ಳಿಯ ಏಳೆಂಟು ಹೆಂಗಸರು ಸೇರಿ ತಮ್ಮದೇ ತೋಟದ ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿದು, ಗ್ರೈಂಡರಿನಲ್ಲಿ ಅರೆದು ಚಾಕೊಲೇಟ್ ಮಾಡುತ್ತಿದ್ದರು. ಆ ವರ್ಷ ಜಾತ್ರೆಗೆ ಹೆಚ್ಚು ಮಾಲು ತಯಾರಿಸಿದರು. ಅರೆದ ಹಿಟ್ಟು ದಪ್ಪವಾಯಿತು ಎಂದು, ನುಣ್ಣಗೆ ಹರಿಯಲಿ ಎಂದು, ಸ್ವಲ್ಪ ಧಾರಾಳವಾಗಿಯೇ ತೆಂಗಿನೆಣ್ಣೆ ಹಾಕಿದರು. ಗಾಣದಿಂದ ತಾವೇ ತಂದ ಎಣ್ಣೆ.

ಜಾತ್ರೆಯ ದಿನ ಬೆಳಿಗ್ಗೆ ಹತ್ತು ಗಂಟೆಗೇ ಚಾಕೊಲೇಟ್ ಕೈಗೆ ಮೆತ್ತಿಕೊಳ್ಳತೊಡಗಿತು. ಪಕ್ಕದ ಅಂಗಡಿಯ ಪ್ಯಾಕೆಟ್ ಚಾಕೊಲೇಟ್ ಅದೇ ನೆರಳಲ್ಲಿ ಗಟ್ಟಿಯಾಗಿಯೇ ಇತ್ತು. ‘ಎಣ್ಣೆಗೆ ಏನೋ ಸೇರಿಸಿದ್ದಾರೆ’ ಎಂದು ಯಾರೋ ಹೇಳಿದರು. ನಾನು ಫೋಟೊ ತೆಗೆದೆ, ಇಬ್ಬರನ್ನು ಮಾತಾಡಿಸಿದೆ, ಸಂಜೆಗೆ ಸುದ್ದಿ ಕಳಿಸಿದೆ. ಆ ಹೆಂಗಸರನ್ನು ಮಾತ್ರ ಕೇಳಲಿಲ್ಲ. ಎರಡು ಕಾಲಂ ಬಂತು. ಅವರಿಗೆ ಬರಬೇಕಾಗಿದ್ದ ಎರಡು ಮದುವೆಯ ಆರ್ಡರ್ ತಪ್ಪಿತು.

ತಿಂಗಳಾದ ಮೇಲೆ ಗುಂಪಿನ ಹಿರಿಯ ಅಕ್ಕ ನನ್ನನ್ನು ಕರೆದು ಒಂದು ಕಾಗದ ಕೈಗಿಟ್ಟರು. ತಮ್ಮದೇ ದುಡ್ಡು ಕೊಟ್ಟು ಎಣ್ಣೆ ಪರೀಕ್ಷೆ ಮಾಡಿಸಿದ್ದರು. ಎಣ್ಣೆ ಶುದ್ಧ.

‘ಎಂತ ಮಾರಾಯ್ರೆ, ಎಣ್ಣೆಯೂ ಸರಿ, ಕೊಕ್ಕೋನೂ ಸರಿ. ಮತ್ತೆ ಕರಗಿದ್ದು ಯಾಕೆ? ಅದನ್ನೂ ನೀವೇ ಬರೀರಿ’ ಎಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಪರಿಚಯದ ಕೆಮಿಸ್ಟ್ರಿ ಉಪನ್ಯಾಸಕಿಯೊಬ್ಬರ ಹತ್ತಿರ ಹೋದೆ. ಕತೆ ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಮನೆ ಹೆಂಚಿನದ್ದಾ?’

ಹೌದು, ಹೆಂಚಿನದ್ದೇ. ಹೆಂಚು ಒಡೆದಾಗ ಹೊಸತು ಹಾಕಿ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಬೇರೆ ಕಾರ್ಖಾನೆಯದ್ದಾದರೂ ಅಳತೆ, ಅಂಚು, ತೋಡು ಒಂದೇ ಥರ ಇದ್ದರೆ ಹಳೆಯ ಹೆಂಚಿನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಅಂಚು ಒಂದಿಷ್ಟು ಬೇರೆಯಾದರೆ ಕೂರುವುದಿಲ್ಲ, ಮಳೆಗಾಲದಲ್ಲಿ ಸೋರುತ್ತದೆ. ಹೆಂಚಿನ ಗುಣಮಟ್ಟ ಎಷ್ಟು ಒಳ್ಳೆಯದಿದ್ದರೂ ಅಷ್ಟೇ.

ಹರಳು ಎಂದರೆ ಅಣುಗಳ ಹೆಂಚಿನ ಮಾಡು. ಸಕ್ಕರೆ, ಕರ್ಪೂರ, ಗಟ್ಟಿಯಾದ ಕೊಬ್ಬು, ಎಲ್ಲದರಲ್ಲೂ ಅಣುಗಳು ಸಾಲಾಗಿ, ಒಂದಕ್ಕೊಂದು ಒತ್ತಿ ಕೂತಿರುತ್ತವೆ. ಸಾಮಾನ್ಯವಾಗಿ ಒಂದು ಹರಳು ಬೇರೆ ಅಣುವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊಳೆ ಇರುವ ಸಕ್ಕರೆ ಪಾಕದಿಂದಲೂ ಬಿಳಿ ಕಲ್ಲುಸಕ್ಕರೆ ಬೆಳೆಸಬಹುದಾದದ್ದು ಅದಕ್ಕೇ. ಆದರೆ ಆಕಾರ, ಗಾತ್ರ ಎರಡರಲ್ಲೂ ತನ್ನಂತೆಯೇ ಇರುವ ಅಣು ಬಂದರೆ, ಹರಳು ಅದಕ್ಕೂ ಸಾಲಿನಲ್ಲಿ ಜಾಗ ಕೊಡುತ್ತದೆ. ಆಗ ಎರಡು ವಸ್ತುಗಳು ಸೇರಿ ಒಂದೇ ಹರಳಾಗುತ್ತವೆ. ಇದಕ್ಕೆ ಮಿಶ್ರ ಹರಳು ಅಥವಾ ಘನ ದ್ರಾವಣ ಎನ್ನುತ್ತಾರೆ. ಉಪ್ಪು ನೀರಿನಲ್ಲಿ ಬೆರೆತ ಹಾಗೆ, ಇಲ್ಲಿ ಒಂದು ಗಟ್ಟಿ ವಸ್ತು ಇನ್ನೊಂದು ಗಟ್ಟಿ ವಸ್ತುವಿನೊಳಗೇ ಬೆರೆತಿರುತ್ತದೆ.

ಜೀವಿಗಳಲ್ಲಿ ಸಿಗುವಂಥ ಕಾರ್ಬನ್ ಅಣುಗಳ ಹರಳುಗಳ ಬಗ್ಗೆ ಇದನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಕಳೆದ ಶತಮಾನದ ರಷ್ಯನ್ ವಿಜ್ಞಾನಿ ಅಲೆಕ್ಸಾಂಡರ್ ಕಿಟೈಗೊರೊಡ್‌ಸ್ಕಿ ಮುಖ್ಯರು. ಬೇರೆ ಅಣು ಒಳಗೆ ಬರಬೇಕಾದರೆ ಅದು ಯಾವ ಕುಲದ್ದು ಎನ್ನುವುದಕ್ಕಿಂತ, ಖಾಲಿಯಾದ ಜಾಗದಲ್ಲಿ ಅದರ ಆಕಾರ ಹೊಂದುತ್ತದೆಯೇ ಎನ್ನುವುದೇ ದೊಡ್ಡ ಮಾತು ಎಂದು ಅವರು ತೋರಿಸಿದರು.

ಹೊಂದದಿದ್ದರೆ ಏನಾಗುತ್ತದೆ? ಅಮೃತಧಾರೆ ನೆನಪು ಮಾಡಿಕೊಳ್ಳಿ. ಪಚ್ಚಕರ್ಪೂರ, ಪುದೀನದಿಂದ ತೆಗೆಯುವ ಮೆಂಥಾಲ್, ಓಮದಿಂದ ತೆಗೆಯುವ ಥೈಮಾಲ್. ಮೂರೂ ಗಟ್ಟಿ ಹರಳುಗಳೇ. ಒಂದು ಶೀಶೆಯಲ್ಲಿ ಸೇರಿಸಿ ಇಟ್ಟರೆ ಬೆಂಕಿ ಇಲ್ಲದೆ ನೀರಾಗುತ್ತವೆ. ಒಂದರ ಹರಳಿನಲ್ಲಿ ಇನ್ನೊಂದಕ್ಕೆ ಜಾಗವಿಲ್ಲ, ಆದರೆ ದ್ರವವಾದರೆ ಚೆನ್ನಾಗಿ ಬೆರೆಯುತ್ತವೆ. ಹಾಗಾಗಿ ಬೇರೆ ಬೇರೆ ಇದ್ದಾಗ ಕರಗುವುದಕ್ಕಿಂತ ಕಡಿಮೆ ಬಿಸಿಗೇ ಕರಗಿಬಿಡುತ್ತವೆ. ಅಲ್ಲಿ ಯಾವುದೂ ಕಲಬೆರಕೆಯಲ್ಲ. ಮೂರೂ ಶುದ್ಧ.

ಈಗ ಚಾಕೊಲೇಟಿಗೆ ಬರೋಣ. ಕೊಕ್ಕೋ ಬೀಜದಲ್ಲಿ ಸುಮಾರು ಅರ್ಧ ಕೊಬ್ಬೇ ಇದೆ. ಅದನ್ನು ಕೊಕ್ಕೋ ಬೆಣ್ಣೆ ಎನ್ನುತ್ತಾರೆ. ಕೊಬ್ಬಿನ ಪ್ರತಿ ಅಣುವಿಗೂ ಮೂರು ಉದ್ದ ಬಾಲ. ಕೊಕ್ಕೋ ಬೆಣ್ಣೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಅಣುಗಳಿವೆ. ಮೂರರಲ್ಲೂ ನಡುವಿನ ಬಾಲ ಒಂದೇ, ಓಲಿಕ್. ಎರಡು ಬದಿಯ ಬಾಲಗಳಲ್ಲಿ 16 ಅಥವಾ 18 ಕಾರ್ಬನ್. ಹೀಗೆ ಮೂರೂ ಅಣ್ಣತಮ್ಮಂದಿರಂತೆ ಇರುವುದರಿಂದ ಒಂದೇ ಹರಳಿನಲ್ಲಿ ಒಟ್ಟಿಗೆ ಕೂರುತ್ತವೆ. ಸರಿಯಾಗಿ ತಣಿಸಿದ ಚಾಕೊಲೇಟ್ ಕೈಯಲ್ಲಿ ಗಟ್ಟಿ ಇದ್ದು, ಬಾಯಲ್ಲಿ ಸುಮಾರು 34 ಡಿಗ್ರಿಗೆ ಒಮ್ಮೆಲೇ ಕರಗುವುದು ಈ ಹೊಂದಾಣಿಕೆಯಿಂದ.

ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವುದು 12 ಕಾರ್ಬನ್ನಿನ ಲಾರಿಕ್ ಬಾಲ. ಗಿಡ್ಡ. ಕೊಕ್ಕೋ ಬೆಣ್ಣೆಯ ಸಾಲಿನಲ್ಲಿ ಅದು ಕೂರುವುದಿಲ್ಲ, ಹೊರಗೇ ಉಳಿಯುತ್ತದೆ. ತೆಂಗಿನೆಣ್ಣೆ ಒಂದನ್ನೇ ಇಟ್ಟರೂ ಸುಮಾರು 25 ಡಿಗ್ರಿಗೆ ಕರಗುವಂಥದ್ದು. ತಾನು ಕರಗುವಾಗ ಕೊಕ್ಕೋ ಬೆಣ್ಣೆಯನ್ನೂ ತನ್ನ ಜೊತೆ ಕರಗಿಸಿಕೊಳ್ಳುತ್ತದೆ. ಜಾತ್ರೆಯ ದಿನ ಆದದ್ದು ಇಷ್ಟೇ. ಶುದ್ಧ ಎಣ್ಣೆ ಶುದ್ಧ ಕೊಕ್ಕೋದ ಮಾಡಿನಲ್ಲಿ ಸೋರಿತು.

‘ಹಾಗಾದರೆ ಕೂರುವಂಥ ಕೊಬ್ಬು ಯಾವುದು?’ ಎಂದು ಕೇಳಿದೆ.

‘ನಿಮ್ಮ ಕಡೆ ಹಿಮ್ಮಡಿ ಒಡೆದರೆ ಎಂತ ಹಚ್ತೀರಿ?’ ಎಂದರು ಮೇಡಂ.

ಪುನರ್ಪುಳಿ ಬೀಜದ ತುಪ್ಪ! ಘಟ್ಟದ ಮೇಲೆ, ಶಿರಸಿ ಸಿದ್ದಾಪುರದ ಕಡೆ, ಮುರುಗಲು ತುಪ್ಪ ಎನ್ನುತ್ತಾರೆ. ನನ್ನ ಅಜ್ಜಿ ಗೆರಟೆಯಲ್ಲಿ ತುಂಬಿಸಿ ಇಡುತ್ತಿದ್ದರು. ಬೇಸಿಗೆಯಲ್ಲೂ ಕಲ್ಲಿನಂತೆ ಇರುತ್ತಿತ್ತು. ಅದರ ಬಹುಪಾಲು ಅಣುಗಳು ಕೊಕ್ಕೋ ಬೆಣ್ಣೆಯ ಆ ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬನೇ: ನಡುವೆ ಓಲಿಕ್, ಎರಡು ಬದಿಗೂ 18 ಕಾರ್ಬನ್ನಿನ ಸ್ಟಿಯರಿಕ್. ಹಾಗಾಗಿ ಕೊಕ್ಕೋ ಬೆಣ್ಣೆಯ ಹರಳಿನಲ್ಲಿ ಅದು ಜಾಗ ಹಿಡಿಯುತ್ತದೆ. ಅದು ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ ಮಿಶ್ರ ಹರಳು ಮೆತ್ತಗಾಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ. ಇದು ಹೊರದೇಶದವರಿಗೂ ಗೊತ್ತಿರುವ ಸಂಗತಿ. ಯುರೋಪಿಯನ್ ಒಕ್ಕೂಟದ 2000ನೇ ಇಸವಿಯ ಚಾಕೊಲೇಟ್ ನಿಯಮ, ಕೊಕ್ಕೋ ಬೆಣ್ಣೆಯ ಜೊತೆ ಶೇಕಡಾ 5ರವರೆಗೆ ಸೇರಿಸಬಹುದು ಎಂದು ಆರು ಕೊಬ್ಬುಗಳನ್ನು ಹೆಸರಿಸಿದೆ. ಅದರಲ್ಲಿ ನಮ್ಮ ಪುನರ್ಪುಳಿ ಇದೆ, ಮಾವಿನ ಗೊರಟಿನ ಕೊಬ್ಬೂ ಇದೆ. ಸೇರಿಸಿದ್ದನ್ನು ಪ್ಯಾಕೆಟ್ ಮೇಲೆ ಹೇಳಲೇಬೇಕು ಎಂಬ ಷರತ್ತೂ ಇದೆ.

ಮೇಡಂ ಮೂರು ಬಟ್ಟಲು ತಯಾರಿಸಿದರು. ಒಂದರಲ್ಲಿ ಬರೀ ಕೊಕ್ಕೋ ಬೆಣ್ಣೆ, ಒಂದರಲ್ಲಿ ಅದಕ್ಕೆ ತೆಂಗಿನೆಣ್ಣೆ, ಇನ್ನೊಂದರಲ್ಲಿ ಪುನರ್ಪುಳಿ ತುಪ್ಪ. ಕಲಕುತ್ತಾ ನಿಧಾನ ತಣಿಸಿ ಲ್ಯಾಬಿನ ತಂಪು ಮೂಲೆಯಲ್ಲಿ ಎರಡು ದಿನ ಬಿಟ್ಟರು. ಮೂರನೇ ದಿನ ನಾನು ಅಕ್ಕನನ್ನೂ ಕರೆದುಕೊಂಡು ಹೋದೆ. ಅವರು ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ನೋಡಿದರು. ತೆಂಗಿನೆಣ್ಣೆಯದ್ದರಲ್ಲಿ ಬೆರಳು ಒಳಗೆ ಹೋಯಿತು. ಪುನರ್ಪುಳಿಯದ್ದರಲ್ಲಿ ಉಗುರೂ ಇಳಿಯಲಿಲ್ಲ.

ಅಕ್ಕ ಬೆರಳು ಒರೆಸಿಕೊಂಡು ನನ್ನ ಕಡೆ ತಿರುಗಿದರು. ‘ಇದನ್ನು ಅವತ್ತೇ ಕೇಳಿದ್ದರೆ ಆಗ್ತಿತ್ತು ಅಲ್ವಾ?’ ಎಂದರು. ಬೈಗುಳ ಇರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತಿದ್ದುಪಡಿ ಬರೆದು ಡೆಸ್ಕಿಗೆ ಕಳಿಸಿದೆ. ಹಳೇ ವಿಷಯ, ಈಗ ಯಾರಿಗೆ ಬೇಕು ಎಂದರು. ಮತ್ತೊಮ್ಮೆ ಕಳಿಸಿದೆ, ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಹೆಂಗಸರು ಏನನ್ನೂ ಕಲಬೆರಕೆ ಮಾಡಿರಲಿಲ್ಲ. ನಾನು ಬರೆದದ್ದು ತಪ್ಪು.

ಅವರ ಗುಂಪು ಈಗ ಮತ್ತೆ ಚಾಕೊಲೇಟ್ ಮಾಡುತ್ತಿದೆ. ಏಳೆಂಟು ಜನರಲ್ಲಿ ನಾಲ್ವರು ಉಳಿದಿದ್ದಾರೆ. ಹಿಟ್ಟಿಗೆ ಒಂದು ಚಮಚ ಪುನರ್ಪುಳಿ ತುಪ್ಪ ಹಾಕುತ್ತಾರೆ. ಚೀಟಿಯಲ್ಲಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ, ಪೇಪರಿನವರಿಗೂ ಕಾಣಲಿ ಎಂದು.